ಶ್ರಾದ್ಧಕ್ಕೆ ಸಲ್ಲದ ಮೆಣಸಿನಕಾಯಿ

ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ಮ ಮನೆ ಫ್ರಿಜ್ಜಿನ ತಲೆ ಮೇಲೆ ಒಂದು ಪ್ಲಾಸ್ಟಿಕ್ ಟ್ರೇ ಬಂದು ಕೂತ್ಕೊಳ್ಳುತ್ತೆ. ಹೊರಗೆ ಇನ್ನೂ ಹಿಮ. ಡೆಟ್ರಾಯಿಟಿನಿಂದ ಅರ್ಧ ಗಂಟೆ ದೂರದ ನಮ್ಮೂರಲ್ಲಿ ಮಾರ್ಚಿನಲ್ಲಿ ವಸಂತ ಕಾಲ ಶುರುವಾಗೋದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೆ ಮೆಣಸಿನಕಾಯಿ ಬೀಜ ಹಾಕೋದಕ್ಕೆ ಅದೇ ಸರಿಯಾದ ಹೊತ್ತು. ಹೊರಗೆ ನೆಡುವಷ್ಟು ಸಸಿ ಬೆಳೆಯೋಕೆ ಎಂಟು ಹತ್ತು ವಾರ ಬೇಕು. ಬೀಜ ಮೊಳೆಯೋಕೆ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಒಳ್ಳೆಯದು. ಹಳೇ ಫ್ರಿಜ್ಜಿನ ಮೇಲೆ ಸದಾ ಸ್ವಲ್ಪ ಬಿಸಿ ಇರುತ್ತೆ, ಅದಕ್ಕೇ ಅಲ್ಲಿ ಇಡೋದು. ಈ ಚಾಕರಿಗಾಗಿ ಹೊಸ ಫ್ರಿಜ್ಜು ಕೊಳ್ಳೋದನ್ನ ಎರಡು ಸಲ ಮುಂದೂಡಿದ್ದೀನಿ ಅಂತ ಹೆಂಡತಿಯ ದೂರು. ಇರಲಿ ಬಿಡಿ.

ಇದು ಶುರುವಾಗಿದ್ದು 2021ರ ಮಾರ್ಚಿನಲ್ಲಿ. ಕೊರೋನಾ ಕಾಲ, ಮನೆಯಲ್ಲೇ ಕೆಲಸ, ಎಲ್ಲರೂ ಏನಾದರೊಂದು ಹುಚ್ಚು ಹಚ್ಚಿಕೊಂಡಿದ್ದರು. ನಾನು ಇಂಡಿಯನ್ ಅಂಗಡಿಯಿಂದ ತಂದ ಬ್ಯಾಡಗಿ ಒಣಮೆಣಸಿನಕಾಯಿ ಪಾಕೀಟನ್ನ ಹಿಡ್ಕೊಂಡು ಕೂತೆ. ನಮ್ಮೂರು ಇರೋದು ಬ್ಯಾಡಗಿಯಿಂದ ಬಹಳ ದೂರ ಅಲ್ಲ. ನಾನು ಸಣ್ಣವನಿದ್ದಾಗ ಅದಿನ್ನೂ ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅಪ್ಪ ಸಾಲಿ ಮಾಸ್ತರರು. ಜೊತೆಗೆ ಎರಡು ಎಕರೆ ಎರೆ ಹೊಲ, ಅದರಲ್ಲಿ ಮೆಣಸಿನಕಾಯಿ. ಅಮೆರಿಕದ ಅಂಗಡಿಯ ಪಾಕೀಟಿನಲ್ಲಿರೋ ಸುಕ್ಕು ಸುಕ್ಕಾದ ಕೆಂಪು ಕಾಯಿಯನ್ನ ಮುರಿದು ಬೀಜ ಉದುರಿಸಿ, ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ.

"ಅಂಗಡ್ಯಾಗಿನ ಕಾಯಿ ಬೀಜ ಹುಟ್ಟತಾವೇನೋ?" ಅಂತ ನಕ್ಕರು.

"ಹುಟ್ಟಿದ್ರ ಹುಟ್ಟತಾವಪ್ಪಾ, ನೋಡೋಣ."

"ಹಂಗಾರ ಕೇಳು. ರಾತ್ರಿ ನೀರಾಗ ನೆನೀ ಹಾಕು. ಮುಂಜಾನೆ ತೇಲಿದ್ದು ತಗದು ಒಗಿ, ಮುಳುಗಿದ್ದಷ್ಟ ಹಾಕು. ಭಾಳ ಆಳಕ್ಕ ಹಾಕಬ್ಯಾಡ, ಉಗುರು ಮುಳುಗೂವಷ್ಟು ಸಾಕು. ಮತ್ತ ದಿನಾ ಕೆದರಿ ನೋಡಬ್ಯಾಡ!"

ಕಡೇ ಮಾತು ನನ್ನ ಸ್ವಭಾವ ಗೊತ್ತಿದ್ದವರು ಮಾತ್ರ ಹೇಳುವಂಥಾದ್ದು. ಮೂವತ್ತು ಬೀಜ ಹಾಕಿದೆ. ಒಂದು ವಾರ ಏನೂ ಇಲ್ಲ. ಹತ್ತು ದಿನ ಆದರೂ ಇಲ್ಲ. ಹದಿಮೂರನೇ ದಿನ ಬೆಳಿಗ್ಗೆ ಒಂದು ಮೊಳಕೆ, ಬೆನ್ನು ಬಗ್ಗಿಸಿ ನಿಂತ ಮುದುಕನ ಹಾಗೆ ಮಣ್ಣಿನಿಂದ ಎದ್ದಿತ್ತು. ವಾರದಲ್ಲಿ ಒಟ್ಟು ಏಳು. ದಿನಾ ಅಪ್ಪನಿಗೆ ತೋರಿಸೋದು, ಅವರು ಎಣಿಸೋದು. ಎರಡೆಲೆ ಆದಮೇಲೆ ಮೇಲಿನ ಮಣ್ಣು ಸ್ವಲ್ಪ ಒಣಗಗೊಡು, ಸದಾ ಹಸಿ ಇದ್ದರೆ ಬುಡ ಕೊಳೆತು ಸಸಿ ಮಲಗಿಬಿಡ್ತಾವ ಅಂತ ಹೇಳಿದ್ದೂ ಅವರೇ.

ಮೇ ತಿಂಗಳಲ್ಲಿ ಅಪ್ಪ ತೀರಿಹೋದರು. ಕೊರೋನಾದ ಎರಡನೇ ಅಲೆ. ವಿಮಾನ, ವೀಸಾ, ಟೆಸ್ಟು, ಯಾವುದೂ ಒಂದಕ್ಕೊಂದು ಹೊಂದಲಿಲ್ಲ. ತಮ್ಮ ಕ್ರಿಯೆ ಮಾಡಿದ, ನಾನು ಇಲ್ಲಿ ಫೋನಿನಲ್ಲಿ ನೋಡಿದೆ. ಅಷ್ಟೇ. ಅದಾದ ಮುಂದಿನ ವಾರ, ತಿಂಗಳ ಕೊನೆಯಲ್ಲಿ ರಾತ್ರಿಯ ಚಳಿ ಕಡಿಮೆಯಾದಾಗ, ಆ ಏಳು ಸಸಿಗಳನ್ನ ಹಿತ್ತಲಲ್ಲಿ ನೆಟ್ಟೆ.

ವರ್ಷ ಕಳೆದು ವರ್ಷಾಂತಿಕ ಬಂತು. ಇಲ್ಲೇ ಮಾಡೋದು ಅಂತ ಆಯ್ತು, ಇಲ್ಲಿನ ಆಚಾರ್ಯರೊಬ್ಬರು ಒಪ್ಪಿಕೊಂಡರು. ಹೆಂಡತಿ ಫೋನಿನಲ್ಲಿ ಅವ್ವನ ಹತ್ತಿರ ಅಡುಗೆ ಪಟ್ಟಿ ಬರೆದುಕೊಳ್ತಿದ್ದಳು. ಆಲೂಗಡ್ಡೆ ಬ್ಯಾಡ, ಟೊಮೇಟೊ ಬ್ಯಾಡ, ಎಲೆಕೋಸು ಹೂಕೋಸು ಬ್ಯಾಡ, ಬೀನ್ಸು ಬ್ಯಾಡ... "ಮೆಣಸಿನಕಾಯಿ ಅಂತೂ ಬ್ಯಾಡೇ ಬ್ಯಾಡ, ಮೆಣಸಿನ ಕಾಳು ಹಾಕು."

ಇದೆಲ್ಲ ನನಗೆ ಹೊಸದಲ್ಲ, ಸಣ್ಣವನಿದ್ದಾಗಿಂದ ನೋಡಿದ್ದೇ. ಆದರೆ ಆವತ್ತು ಯಾಕೋ ತಡೀಲಿಲ್ಲ. ಫೋನ್ ಇಸಿದುಕೊಂಡು ಕೇಳಿದೆ, "ಅವ್ವಾ, ಅಪ್ಪ ಮೆಣಸಿನಕಾಯಿ ಇಲ್ಲದ ಒಂದು ಹೊತ್ತರ ಊಟ ಮಾಡಿದ್ರೇನು? ಅವರ ಶ್ರಾದ್ಧಕ್ಕ ಯಾಕ ಬ್ಯಾಡ?"

"ಅದು ಪರದೇಶದ್ದಪಾ. ಹಿಂದಿನವರು ತಿಂದದ್ದಲ್ಲ."

ಪರದೇಶದ್ದು! ಪರದೇಶದಲ್ಲಿ ಕೂತ ಮಗನಿಗೆ ಹೇಳಿದ ಮಾತು ನೋಡಿ. ಈ ದೇಶದ ಸರ್ಕಾರದ ಕಾಗದ ಪತ್ರಗಳಲ್ಲಿ ನನ್ನ ಹೆಸರಿನ ಪಕ್ಕ ಇರೋ ಶಬ್ದ 'ಏಲಿಯನ್'. ಅವ್ವನ ಅಡುಗೆಮನೆಯ ಕಾಯಿದೆಯಲ್ಲಿ ಮೆಣಸಿನಕಾಯಿಯದೂ ಅದೇ ಸ್ಥಿತಿ. ಆವತ್ತಿನಿಂದ ಇದರ ಬೆನ್ನು ಹತ್ತಿದೆ. ಓದಿ ತಿಳಿದದ್ದನ್ನ ಇಲ್ಲಿ ಹೇಳ್ತೀನಿ.

ಅವ್ವ ಹೇಳಿದ್ದು ನೂರಕ್ಕೆ ನೂರು ನಿಜ. ಮೆಣಸಿನಕಾಯಿ ನಮ್ಮದಲ್ಲ. ಕಾಡು ಮೆಣಸಿನಕಾಯಿಗಳ ತವರು ದಕ್ಷಿಣ ಅಮೆರಿಕ. ಅಲ್ಲಿಂದ ಹಬ್ಬಿದ ಇವುಗಳಲ್ಲಿ ಐದು ಜಾತಿಗಳನ್ನ ಮನುಷ್ಯ ಸಾಕಿಕೊಂಡ. ನಮ್ಮ ಬ್ಯಾಡಗಿ, ಗುಂಟೂರು, ಮೆಕ್ಸಿಕೊದ ಹಾಲಪೆನ್ಯೊ, ಖಾರವೇ ಇಲ್ಲದ ದೊಣ್ಣೆ ಮೆಣಸಿನಕಾಯಿ, ಇಷ್ಟೂ ಒಂದೇ ಜಾತಿ, ಕ್ಯಾಪ್ಸಿಕಂ ಆ್ಯನಮ್. ಇದನ್ನ ಸಾಕಿದ್ದು ಮೆಕ್ಸಿಕೊದಲ್ಲಿ. ಅಲ್ಲಿನ ತೆವಾಕಾನ್ ಕಣಿವೆಯ ಗವಿಗಳಲ್ಲಿ 1960ರ ದಶಕದಲ್ಲಿ ಉತ್ಖನನ ಮಾಡಿದಾಗ ಸಾವಿರಾರು ವರ್ಷ ಹಳೆಯ ಮೆಣಸಿನಕಾಯಿ ಅವಶೇಷಗಳು ಸಿಕ್ಕವು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗವಿಯ ಅವಶೇಷ, ಗಿಡದ ವಂಶವಾಹಿ, ಹವಾಮಾನ, ಹಳೆಯ ಭಾಷೆಗಳ ಪದಗಳು ಎಲ್ಲವನ್ನೂ ಸೇರಿಸಿ ನೋಡಿ, ಮಧ್ಯ ಪೂರ್ವ ಮೆಕ್ಸಿಕೊದ ಕಡೆ ಬೆರಳು ತೋರಿಸಿತು. 'ಚಿಲ್ಲಿ' ಅನ್ನೋ ಶಬ್ದವೂ ಅಲ್ಲಿನ ನಾವಾಟ್ಲ್ ಭಾಷೆಯದು.

ನಮ್ಮ ಪಕ್ಕದ ಮನೆಯಾಕೆ ಮೆಕ್ಸಿಕೊದ ಪ್ಯುಬ್ಲಾದವರು. ತೆವಾಕಾನ್ ಇರೋದು ಅದೇ ರಾಜ್ಯದಲ್ಲಿ. ಬೇಲಿಯ ಆ ಕಡೆ ಅವರ ಮೆಣಸಿನಕಾಯಿ ಮಡಿ, ಈ ಕಡೆ ನನ್ನದು. 2021ರ ಬೇಸಿಗೆಯಲ್ಲಿ ನನ್ನ ಗಿಡ ನೋಡಿ, "ನಿಮ್ಮ ದೇಶದ ಚಿಲೆ ಇಷ್ಟುದ್ದ ಇರುತ್ತಾ?" ಅಂತ ಕೇಳಿದ್ದರು. ನಾನು ಹೆಮ್ಮೆಯಿಂದ "ಹೌದು, ಇದು ನಮ್ಮೂರಿನ ತಳಿ, ನೂರಾರು ವರ್ಷದ್ದು" ಅಂದೆ. ಆಕೆ ನಕ್ಕು, "ನಮ್ಮದು ಸಾವಿರಾರು ವರ್ಷದ್ದು. ನಿಮಗೆ ಬಂದಿದ್ದು ನಮ್ಮಿಂದಲೇ" ಅಂದರು. ಅಲ್ಲಿಗೆ ನನ್ನ ಹೆಮ್ಮೆ ಮುಗೀತು.

ಹಾಗಾದರೆ ಅಲ್ಲಿಂದ ಇಲ್ಲಿಗೆ ಬಂದಿದ್ದು ಹೇಗೆ? ಕತೆಯ ಮೊದಲ ಪಾತ್ರ ಕೊಲಂಬಸ್. ಅವನು ಹೊರಟಿದ್ದೇ ನಮ್ಮ ಕಡೆಯ ಸಂಬಾರ ಪದಾರ್ಥ ಹುಡುಕಿಕೊಂಡು. ಆ ಕಾಲದ ಯೂರೋಪಿನಲ್ಲಿ ಮೆಣಸಿನ ಕಾಳಿಗೆ ಇದ್ದ ಬೆಲೆ ಗೊತ್ತಲ್ಲ. ಮುಟ್ಟಿದ್ದು ಮಾತ್ರ ಕೆರಿಬಿಯನ್ ದ್ವೀಪ. 1493ರ ಜನವರಿ 15ರ ತನ್ನ ದಿನಚರಿಯಲ್ಲಿ ಅವನು ಬರೆದುಕೊಂಡ: ಇಲ್ಲಿ 'ಆಹಿ' ಅಂತ ಒಂದಿದೆ, ಇದು ಇವರ ಮೆಣಸು, ನಮ್ಮ ಮೆಣಸಿಗಿಂತ ಬೆಲೆಯುಳ್ಳದ್ದು, ಇದಿಲ್ಲದೆ ಇಲ್ಲಿ ಯಾರೂ ಉಣ್ಣೋದಿಲ್ಲ ಅಂತ. ಹುಡುಕಿ ಹೊರಟ ಮೆಣಸು ಸಿಗಲಿಲ್ಲ, ಸಿಕ್ಕಿದ್ದಕ್ಕೇ ಮೆಣಸು ಅಂತ ಹೆಸರಿಟ್ಟುಬಿಟ್ಟ. ಇಂಗ್ಲಿಷಿನಲ್ಲಿ ಇವತ್ತಿಗೂ ಎರಡಕ್ಕೂ 'ಪೆಪ್ಪರ್' ಅನ್ನೋದು ಆ ಗೊಂದಲದ ಬಾಲ. ಗಿಡದ ಸಂಬಂಧ ನೋಡಿದರೆ ಎರಡಕ್ಕೂ ಏನೇನೂ ನಂಟಿಲ್ಲ. ಒಂದು ಮರಕ್ಕೆ ಹಬ್ಬೋ ಬಳ್ಳಿ. ಇನ್ನೊಂದು ಬದನೆ, ಟೊಮೇಟೊ, ಆಲೂಗಡ್ಡೆಯ ಬಳಗದ್ದು.

ನಮ್ಮ ಕಡೆಗೆ ತಂದವರು ಪೋರ್ಚುಗೀಸರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1500ರಲ್ಲಿ ಕಬ್ರಾಲ್ ಎಂಬುವನು ಲಿಸ್ಬನ್ನಿನಿಂದ ಹೊರಟು ಏಪ್ರಿಲಿನಲ್ಲಿ ಬ್ರೆಜಿಲ್ ಮುಟ್ಟಿ, ಅದೇ ಪ್ರಯಾಣದಲ್ಲಿ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದ. ಒಂದೇ ಪ್ರಯಾಣದಲ್ಲಿ ಅಮೆರಿಕ ಖಂಡವೂ ಆಯ್ತು, ಮಲಬಾರೂ ಆಯ್ತು! 1510ರಲ್ಲಿ ಗೋವಾ ಅವರ ಕೈಸೇರಿತು. ಈ ಓಡಾಟದಲ್ಲಿ ಯಾವುದೋ ಹಡಗಿನಲ್ಲಿ, ಯಾರದೋ ಗಂಟಿನಲ್ಲಿ, ಬೀಜ ಬಂದಿಳಿಯಿತು. ತಂದವನ ಹೆಸರು ಚರಿತ್ರೆಯಲ್ಲಿಲ್ಲ. ಒಣಗಿದ ಕಾಯಿಯೊಳಗೇ ಭದ್ರವಾಗಿ ಕೂತು ತಿಂಗಳುಗಟ್ಟಲೆ ಸಮುದ್ರದ ಮೇಲೆ ಬರೋ ಬೀಜಕ್ಕೆ ಬೇರೆ ಏರ್ಪಾಡೇನೂ ಬೇಕಿಲ್ಲ. ನನ್ನ ಪಾಕೀಟಿನ ಬೀಜವೂ ಹಾಗೇ ಬಂದದ್ದು, ದಿಕ್ಕು ಮಾತ್ರ ಉಲ್ಟಾ.

ತಮಾಷೆ ಏನಂದ್ರೆ, ಈ ಗಿಡ ಎಷ್ಟು ಬೇಗ ಇಲ್ಲಿನದೇ ಆಯ್ತು ಅಂದ್ರೆ ಯೂರೋಪಿನವರೇ ಇದರ ಮೂಲ ಮರೆತರು. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ಅನ್ನೋ ವೈದ್ಯ ಒಂದು ದೊಡ್ಡ ಸಸ್ಯಗ್ರಂಥ ಬರೆದ, ಚೆಂದದ ಚಿತ್ರಗಳ ಸಮೇತ. ಅದರಲ್ಲಿ ಮೆಣಸಿನಕಾಯಿ ಗಿಡವೂ ಇದೆ. ಅದಕ್ಕೆ ಕೊಟ್ಟ ಹೆಸರುಗಳಲ್ಲಿ ಒಂದು 'ಕಲ್ಲಿಕೋಟೆ ಮೆಣಸು'! ಕೊಲಂಬಸ್ ಅದನ್ನ ಕಂಡು ಐವತ್ತು ವರ್ಷವೂ ಆಗಿರಲಿಲ್ಲ. ಚೀನಾದ್ದು ಅಂದುಕೊಂಡು 1776ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಇದರ ಇನ್ನೊಂದು ಜಾತಿಗೆ 'ಚೈನೆನ್ಸ್' ಅಂತ ಹೆಸರಿಟ್ಟ. ಅದೂ ಅಮೆರಿಕ ಖಂಡದ್ದೇ. ಹೆಸರು ಮಾತ್ರ ಹಾಗೇ ಉಳಿದಿದೆ.

ಆದರೆ ನಮ್ಮ ಜನ ಮರೆತಿರಲಿಲ್ಲ. ಸಾಕ್ಷಿ ನಮ್ಮ ಮಾತಿನಲ್ಲೇ ಇದೆ. ಮೆಣಸು ನಮ್ಮಲ್ಲಿ ಮೊದಲಿಂದ ಇತ್ತು. ಹೊಸದು ಬಂದಾಗ ಅದರಷ್ಟೇ ಖಾರ, ಆದರೆ ಕಾಳಲ್ಲ, ಕಾಯಿ. ಅದಕ್ಕೆ ಮೆಣಸಿನಕಾಯಿ. ತಮಿಳರ ಮಿಳಗು ಹೋಗಿ ಮಿಳಗಾಯ್ ಆಯ್ತು, ತೆಲುಗಿನ ಮಿರಿಯಾಲು ಹೋಗಿ ಮಿರಪಕಾಯ. ಮಲಯಾಳಿಗಳು ಇನ್ನೂ ನೇರ, ಅವರಲ್ಲಿ ಇದಕ್ಕೆ 'ಕಪ್ಪಲ್ ಮುಳಗ್' ಅಂತ ಒಂದು ಹೆಸರಿದೆ. ಕಪ್ಪಲ್ ಅಂದ್ರೆ ಹಡಗು. ಹಡಗಿನಲ್ಲಿ ಬಂದ ಮೆಣಸು! ಕರಾವಳಿ, ಮಲೆನಾಡಿನ ಕಡೆಯವರು ಕಾಳುಮೆಣಸಿಗೆ ಒಳ್ಳೆಮೆಣಸು ಅಂತಾರೆ. ತುಳುವಿನಲ್ಲೂ ಮುಂಚಿ ಅಂದ್ರೆ ಮೆಣಸಿನಕಾಯಿ, ಎಡ್ಡೆ ಮುಂಚಿ ಅಂದ್ರೆ ಕಾಳುಮೆಣಸು. ಎಡ್ಡೆ ಅಂದ್ರೆ ಒಳ್ಳೆಯದು. ಹಳೆಯದು ಒಳ್ಳೆಯದಾದರೆ ಹೊಸದು ಏನು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ಪಾಪ, ಹೊಸದಾಗಿ ಬಂದವರ ಪಾಡೇ ಹಾಗೆ.

ಹಳೆಯ ಪುಸ್ತಕಗಳಿಗೆ ಹೋದರೂ ಅಷ್ಟೇ. ಎರಡನೇ ಚಾವುಂಡರಾಯನ 'ಲೋಕೋಪಕಾರ' (1025), ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ', 16ನೇ ಶತಮಾನದ ಆರಂಭದ ಮೂರನೇ ಮಂಗರಸನ 'ಸೂಪಶಾಸ್ತ್ರ', ಇವೆಲ್ಲ ಅಡುಗೆಯ ವಿಷಯ ಹೇಳೋ ನಮ್ಮ ನಾಡಿನ ಗ್ರಂಥಗಳು. ಇವುಗಳಲ್ಲಿ ಖಾರಕ್ಕೆ ಮೆಣಸು, ಶುಂಠಿ ಇವೆ, ಮೆಣಸಿನಕಾಯಿ ಇಲ್ಲ. ಉತ್ತರದಲ್ಲಿ ಅಕ್ಬರನ ಆಸ್ಥಾನದ 'ಐನ್-ಇ-ಅಕ್ಬರಿ', 1590ರ ಸುಮಾರಿನದು, ಅದರ ಅಡುಗೆ ಪಟ್ಟಿಯಲ್ಲೂ ಇಲ್ಲ. ಇನ್ನೊಂದು ಕಡೆ, ಆಹಾರ ಚರಿತ್ರೆಯ ದೊಡ್ಡ ವಿದ್ವಾಂಸರು, ನಮ್ಮವರೇ ಆದ ಕೆ.ಟಿ. ಅಚ್ಚಯ್ಯ ಅವರು ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಪದ ಇರೋದನ್ನ ತಮ್ಮ ಪುಸ್ತಕದಲ್ಲಿ ಹೇಳ್ತಾರೆ. ದಾಸರು ಹೋದದ್ದು 1564ರಲ್ಲಿ ಅಂತ ನಂಬಿಕೆ. ದಾಸರ ಹೆಸರಿನ ಪದಗಳು ಬಾಯಿಂದ ಬಾಯಿಗೆ ಬಂದವು, ಆಮೇಲೆ ಸೇರಿದವೂ ಇರಬಹುದು, ಆದ್ದರಿಂದ ಅದೊಂದನ್ನೇ ಹಿಡಿದು ಇಸವಿ ಹೇಳೋದು ಕಷ್ಟ. ಆದರೂ ಗೋವಾಕ್ಕೆ ಹತ್ತಿರದ ನಮ್ಮ ನಾಡಿಗೆ ಅದು ಅಕ್ಬರನ ಅಡುಗೆಮನೆಗಿಂತ ಮೊದಲೇ ಬಂದಿರೋದು ಸಹಜವೇ. 1800-01ರಲ್ಲಿ ಬುಕನನ್ ಮೈಸೂರು ಸೀಮೆ ಸುತ್ತಿ ವರದಿ ಬರೆಯೋ ಹೊತ್ತಿಗೆ ಅದು ತೋಟದ ಮಾಮೂಲಿ ಬೆಳೆ.

ಇಷ್ಟು ಸಲೀಸಾಗಿ ಯಾಕೆ ಹಬ್ಬಿತು? ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬೋಕೆ ಮರ ಬೇಕು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಬೆಳೆದದ್ದೂ ಹಡಗು ಹತ್ತಿ ಹೋಗುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರು ಕೊಟ್ಟ ಹೆಸರೇ 'ಮೆಣಸಿನ ರಾಣಿ'. ಬಯಲುಸೀಮೆಯ ಬಡವನ ಸಾರಿಗೆ ಆ ಕಾಳು ಎಷ್ಟು ಬಿದ್ದೀತು? ಮೆಣಸಿನಕಾಯಿಗಾದರೋ ಎರೆ ಭೂಮಿ, ಕೆಂಪು ಭೂಮಿ, ಹಿತ್ತಲು, ಒಡೆದ ಗಡಿಗೆ, ಎಲ್ಲಿ ಹಾಕಿದರೂ ನಡೆಯುತ್ತೆ. ಅದೇ ವರ್ಷ ಕಾಯಿ. ಒಂದು ಕಾಯಿಯಲ್ಲಿ ಮುಂದಿನ ವರ್ಷದ ಹೊಲಕ್ಕೆ ಬೇಕಾದ ಬೀಜ. ರೊಟ್ಟಿ, ಉಪ್ಪು, ಖಾರ ಇದ್ದರೆ ಒಂದು ಹೊತ್ತು ಕಳೆಯಿತು. ಪೋರ್ಚುಗೀಸರು ಮೆಣಸು ಒಯ್ಯೋಕೆ ಬಂದು ಮೆಣಸಿನಕಾಯಿ ಕೊಟ್ಟು ಹೋದರು. ಲೆಕ್ಕ ಹಾಕಿದರೆ ಲಾಭ ಯಾರಿಗೆ ಅಂತ ನೀವೇ ಹೇಳಿ.

ಬೀಜದ ಮಾತು ಬಂತು, ಇನ್ನೊಂದು ಸಂಗತಿ ಹೇಳಿಬಿಡ್ತೀನಿ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಅನ್ನೋ ವಸ್ತು. ಅದು ಹೆಚ್ಚಾಗಿ ಇರೋದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರೋ ಬಿಳಿ ತಿರುಳಿನಲ್ಲಿ. ಇಲಿ, ಹೆಗ್ಗಣ, ದನ, ಮನುಷ್ಯ, ಎಲ್ಲರಿಗೂ ಇದು ಉರಿ. ಹಕ್ಕಿಗಳಿಗೆ ಮಾತ್ರ ಏನೂ ಅನಿಸೋದಿಲ್ಲ. ಗಿಳಿ ಮೆಣಸಿನಕಾಯಿ ತಿನ್ನೋದನ್ನ ನಾವೆಲ್ಲ ನೋಡಿದ್ದೇವೆ. ಅರಿಜೋನಾದ ಕಾಡು ಮೆಣಸಿನಕಾಯಿ ಮೇಲೆ ಸಂಶೋಧನೆ ಮಾಡಿ ಟ್ಯೂಕ್ಸ್‌ಬರಿ ಮತ್ತು ನಬ್ಹಾನ್ ಅನ್ನೋರು 2001ರಲ್ಲಿ ಬರೆದರು: ಇಲಿ ಜಾತಿಯವು ತಿಂದರೆ ಬೀಜ ಅರೆದು ಹಾಳಾಗುತ್ತೆ, ಹಕ್ಕಿ ತಿಂದರೆ ಬೀಜ ಹಾಗೇ ಹೊರಬಂದು ಮೊಳೆಯುತ್ತೆ. ಅಂದ್ರೆ ಖಾರ ಅನ್ನೋದು ಗಿಡ ಬಾಗಿಲಿಗೆ ಹಾಕಿಕೊಂಡ ಚಿಲಕ, ಹಕ್ಕಿಗೆ ಮಾತ್ರ ಪ್ರವೇಶ! ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಯಾರೂ ನೆಡದೆ ಜೀರಿಗೆ ಮೆಣಸು ಹುಟ್ಟೋದು ಇದೇ ಕಾರಣಕ್ಕೆ, ಹಕ್ಕಿ ಬಿತ್ತಿದ ಬೆಳೆ ಅದು. ಮನುಷ್ಯನನ್ನ ದೂರ ಇಡೋಕೆ ಕಟ್ಟಿದ ಉರಿಯನ್ನೇ ಮನುಷ್ಯ ಮೆಚ್ಚಿಕೊಂಡು ಹಕ್ಕಿ ಒಯ್ಯಲಾರದಷ್ಟು ದೂರ, ಭೂಮಿಯ ಆ ಮೂಲೆಯಿಂದ ಈ ಮೂಲೆಗೆ ಹೊತ್ತ.

ಖಾರ ಅಳೆದ ಕತೆ ನಮ್ಮ ಪಕ್ಕದ ಡೆಟ್ರಾಯಿಟಿನದೇ. 1912ರಲ್ಲಿ ಅಲ್ಲಿನ ಪಾರ್ಕ್-ಡೇವಿಸ್ ಔಷಧ ಕಂಪನಿಯಲ್ಲಿದ್ದ ವಿಲ್ಬರ್ ಸ್ಕೋವಿಲ್ ಒಂದು ಉಪಾಯ ಮಾಡಿದ. ಮೆಣಸಿನಕಾಯಿ ಸಾರವನ್ನ ಸಕ್ಕರೆ ನೀರಿನಲ್ಲಿ ಬೆರೆಸುತ್ತಾ ಹೋಗೋದು, ನಾಲಿಗೆಗೆ ಖಾರ ಗೊತ್ತಾಗದೇ ಇರೋವರೆಗೂ. ಎಷ್ಟು ಪಟ್ಟು ಬೆರೆಸಬೇಕಾಯ್ತೋ ಅದೇ ಅಂಕ. ದೊಣ್ಣೆ ಮೆಣಸಿನಕಾಯಿಗೆ ಸೊನ್ನೆ, ಹಾಲಪೆನ್ಯೊಗೆ 2,500ರಿಂದ 8,000, ಹಬನೆರೊಗೆ ಲಕ್ಷ ದಾಟುತ್ತೆ. ಈಗ ಯಂತ್ರದಲ್ಲಿ ಅಳೀತಾರೆ, ಅಂಕದ ಹೆಸರು ಮಾತ್ರ ಸ್ಕೋವಿಲ್ಲನದೇ. 2023ರಲ್ಲಿ ದಾಖಲೆ ಮಾಡಿದ 'ಪೆಪ್ಪರ್ ಎಕ್ಸ್' ಅನ್ನೋ ತಳಿಯದು 26 ಲಕ್ಷ 93 ಸಾವಿರ! ಅದನ್ನ ತಿಂದು ಏನು ಸಾಧಿಸ್ತಾರೋ, ನನಗಂತೂ ತಿಳೀದು. ಅಪ್ಪ ತೀರಿಹೋದ ಅದೇ 2021ರ ಅಕ್ಟೋಬರಿನಲ್ಲಿ ವೈದ್ಯಶಾಸ್ತ್ರದ ನೊಬೆಲ್ ಹಂಚಿಕೊಂಡ ಇಬ್ಬರಲ್ಲಿ ಡೇವಿಡ್ ಜೂಲಿಯಸ್ ಒಬ್ಬರು. ಖಾರವೂ ಸುಡುವ ಬಿಸಿಯೂ ನಮ್ಮ ನರಗಳಲ್ಲಿ ಒಂದೇ ಬಾಗಿಲು ಬಡಿಯುತ್ತವೆ ಅಂತ ಅವರು 1997ರಲ್ಲಿ ಕಂಡುಹಿಡಿದಿದ್ದರು. 'ಬಾಯಿ ಸುಟ್ಟಿತು' ಅಂತ ನಾವು ಅನ್ನೋದು ಬರೀ ಮಾತಲ್ಲ. ಅಪ್ಪನಿಗೆ ಹೇಳಿದ್ದರೆ "ಅದಕ್ಕ ನೊಬೆಲ್ ಕೊಟ್ರಾ? ನನಗ ಕೇಳಿದ್ರ ನಾ ಹೇಳತಿದ್ನಲ್ಲೋ" ಅನ್ನೋರು.

ಬ್ಯಾಡಗಿಗೆ ಈ ಖಾರದ ಪಂದ್ಯದಲ್ಲಿ ಜಾಗ ಇಲ್ಲ. ಅದರ ಹೆಸರು ಬಣ್ಣಕ್ಕೆ. ಸುಕ್ಕು ಸಿಪ್ಪೆ, ಬೀಜ ಕಡಿಮೆ, ಗಾಢ ಕೆಂಪು, ಹದವಾದ ಖಾರ. ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಬಣ್ಣದ ಸಾರ ತೆಗೆದು ಆಹಾರಕ್ಕೂ ತುಟಿಯ ಬಣ್ಣಕ್ಕೂ ಬಳಸ್ತಾರೆ. 2011ರಲ್ಲಿ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು. ಹಡಗಿನಲ್ಲಿ ಬಂದ ಪರದೇಶಿ ಗಿಡ ಈಗ ಕಾನೂನಿನ ಪ್ರಕಾರ ಬ್ಯಾಡಗಿ ಸೀಮೆಯದು! ಅವ್ವನ ಅಡುಗೆಮನೆ ಮಾತ್ರ ಇನ್ನೂ ಪೌರತ್ವ ಕೊಟ್ಟಿಲ್ಲ.

ಹಾಗಂತ ಬೆಳೆದವರಿಗೆ ಅದು ಸುಖವನ್ನೇ ಕೊಟ್ಟಿತು ಅಂತ ಹೇಳೋ ಹಾಗಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಲೇ ಕುಸಿದಾಗ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿ ನೀವೂ ಓದಿರಬಹುದು. ಅಪ್ಪ ಇದ್ದಿದ್ದರೆ ಚೀಲ ತಗೊಂಡು ಅಲ್ಲೇ ನಿಂತಿರುತ್ತಿದ್ದರೇನೋ. ನಮ್ಮ ಹೊಲ ಈಗ ಲಾವಣಿಗೆ ಕೊಟ್ಟಿದೆ. ಮಾಡೋರು ಗೋವಿನಜೋಳ ಹಾಕ್ತಾರೆ, ಮೆಣಸಿನಕಾಯಿಯ ಖರ್ಚು, ರೋಗ, ದರದ ಜೂಜು ಯಾರಿಗೆ ಬೇಕು ಅಂತ. ಈ ವಿಷಯ ಹೇಳಿದಾಗ ಪಕ್ಕದ ಮನೆಯಾಕೆ ಮತ್ತೆ ನಕ್ಕರು. ಗೋವಿನಜೋಳವೂ ಮೆಕ್ಸಿಕೊದ್ದೇ!

ನನ್ನ ಏಳು ಗಿಡಗಳ ಗತಿ ಹೇಳಲಿಲ್ಲ ಅಲ್ವಾ? ಆರು ಗಿಡ 2021ರ ಅಕ್ಟೋಬರಿನ ಮೊದಲ ಇಬ್ಬನಿ ಗಟ್ಟಿದ ರಾತ್ರಿ ಕಪ್ಪಾಗಿ ಬಾಡಿದವು. ಮೆಣಸಿನ ಗಿಡ ಹಾಗೆ ನೋಡಿದರೆ ಒಂದೇ ವರ್ಷದ್ದಲ್ಲ, ಚಳಿ ತಾಗದಿದ್ದರೆ ಹಲವು ವರ್ಷ ಬದುಕುತ್ತೆ. ಏಳನೆಯದನ್ನ ಕುಂಡದಲ್ಲಿ ಹಾಕಿದ್ದೆ, ಕೊಂಬೆ ಕತ್ತರಿಸಿ ಒಳಗೆ ಕಿಟಕಿ ಹತ್ತಿರ ಇಟ್ಟೆ. ಎರಡು ಚಳಿಗಾಲ ಕಳೀತು. 2023ರ ಫೆಬ್ರವರಿಯಲ್ಲಿ ಹೇನು ಹತ್ತಿ, ಎಷ್ಟು ತೊಳೆದರೂ ಬಿಡದೆ, ಅದೂ ಹೋಯ್ತು. ಅಪ್ಪ ಎಣಿಸಿದ ಮೊಳಕೆಗಳಲ್ಲಿ ಕೊನೆಯದು. ಆವತ್ತು ನಾನು ಆಫೀಸಿಗೆ ಹೋಗಲಿಲ್ಲ. ಕಾರಣ ಏನಂತ ಬರೆಯಲಿ, ಗಿಡ ಸತ್ತಿತು ಅಂತಲಾ? ಜ್ವರ ಅಂದೆ.

ಬೀಜ ತೆಗೆದಿಟ್ಟಿದ್ದೆ, ಅದೇ ಈಗ ಪ್ರತಿ ಮಾರ್ಚಿನಲ್ಲಿ ಫ್ರಿಜ್ಜಿನ ಮೇಲೆ ಏರೋದು. ಅದರಲ್ಲೂ ಒಂದು ಕತೆ ಇದೆ. 2022ರಲ್ಲಿ ಹಾಕಿದ ಗಿಡಗಳಲ್ಲಿ ಒಂದರ ಕಾಯಿ ಗಿಡ್ಡ, ಸಿಪ್ಪೆ ದಪ್ಪ, ಖಾರವೋ ಖಾರ. ಏನಾಯ್ತು ಅಂತ ನೋಡಿದರೆ, ಹಿಂದಿನ ವರ್ಷ ಬೇಲಿಯಾಚೆಯ ಹಾಲಪೆನ್ಯೊ ಹೂವಿನ ಪರಾಗ ಜೇನುಹುಳು ಹೊತ್ತು ತಂದಿರಬೇಕು. ಮೆಣಸಿನ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ಆದರೆ ಹೀಗೆ ಬೆರೆಯೋದೂ ಉಂಟು. ಬೆರೆತದ್ದು ಆ ವರ್ಷದ ಕಾಯಿಯಲ್ಲಿ ಕಾಣೋದಿಲ್ಲ, ಆ ಬೀಜದಿಂದ ಹುಟ್ಟಿದ ಗಿಡದಲ್ಲಿ ಕಾಣುತ್ತೆ. ತಳಿ ಶುದ್ಧ ಬೇಕಾದವರು ಹೂವಿಗೆ ತೆಳು ಬಟ್ಟೆ ಕಟ್ಟಬೇಕು. ನಾನು ಆಮೇಲಿಂದ ಎರಡು ಗಿಡಕ್ಕೆ ಕಟ್ಟುತ್ತೀನಿ. ಆ ಬೆರಕೆಯ ಗಿಡದ ಬೀಜವನ್ನೂ ಎಸೆದಿಲ್ಲ. ನಾಲ್ಕೈದು ನೂರು ವರ್ಷದ ಮೇಲೆ ಮತ್ತೆ ಭೇಟಿಯಾದ ನೆಂಟರು ಅಂತ ಇಟ್ಟುಕೊಂಡಿದ್ದೀನಿ. ಪಕ್ಕದ ಮನೆಗೂ ಅದರ ಸಸಿ ಕೊಟ್ಟೆ.

ಮತ್ತೆ ಶ್ರಾದ್ಧದ ವಿಷಯಕ್ಕೆ. ಇಷ್ಟೆಲ್ಲ ಓದಿದ ಮೇಲೆ ಅವ್ವನ ಜೊತೆ ವಾದ ಹೂಡಿದೆ. ಶ್ರಾದ್ಧದಲ್ಲಿ ನಾವು ಕರೆಯೋದು ಮೂರು ತಲೆಮಾರು, ತಂದೆ, ತಾತ, ಮುತ್ತಾತ. ಮೂವರೂ ಮೆಣಸಿನಕಾಯಿ ತಿಂದವರೇ, ಬೆಳೆದವರೇ. ಮೆಣಸಿನಕಾಯಿ ಕಾಣದ ಹಿರಿಯ ಬೇಕಂದ್ರೆ ಹದಿನೈದಿಪ್ಪತ್ತು ತಲೆಮಾರು ಹಿಂದೆ ಹೋಗಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿಲ್ಲದವರ ನಾಲಿಗೆಗೆ ಒಗ್ಗೋ ಅಡುಗೆ ಮಾಡಿ ಗೊತ್ತಿದ್ದ ಅಪ್ಪನನ್ನ ಉಪವಾಸ ಕೆಡವೋದು ಯಾವ ನ್ಯಾಯ?

ಅವ್ವ ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ನಿಮ್ಮಪ್ಪನೂ ಅವರಪ್ಪನ ಶ್ರಾದ್ಧದಾಗ ಹಿಂಗ ಮೆಣಸಿನ ಕಾಳಿನ ಸಾರು ಉಂಡು, ಸಂಜಿಮುಂದ ಒದ್ಯಾಡತಿದ್ರು. ಆದ್ರೂ ಒಂದು ವರ್ಷನೂ ಬಿಡಲಿಲ್ಲ. ಅವರು ನಡಿಸಿದ್ದು ನೀನೂ ನಡಸು. ಇವತ್ತೊಂದಿನ ಬ್ಯಾಡ. ನಾಳೆ ಅವರ ಹೆಸರಿಲೇ ಖಾರ ಅರಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುರಿ ಜಗನ್ನಾಥನ ನೈವೇದ್ಯದಲ್ಲೂ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಇಲ್ಲವಂತೆ. ಮಾನಸೋಲ್ಲಾಸದ ಕಾಲದ ಅಡುಗೆ ಹೇಗಿತ್ತು ಅಂತ ಪುಸ್ತಕ ಹುಡುಕಿಕೊಂಡು ಓದಿದೆನಲ್ಲ, ಅದರ ರುಚಿ ಉಳಿದಿರೋದು ಇಂಥ ದೇವಸ್ಥಾನಗಳಲ್ಲಿ ಮತ್ತು ನಮ್ಮವ್ವನ ಶ್ರಾದ್ಧದ ಅಡುಗೆಯಲ್ಲಿ. ವರ್ಷಕ್ಕೊಂದು ದಿನ ನಾವು ಕೊಲಂಬಸ್ಸಿಗಿಂತ ಮೊದಲಿನ ಊಟ ಉಣ್ತೀವಿ, ಗೊತ್ತಿಲ್ಲದೇನೇ. ಅದನ್ನ ಅಳಿಸಿಹಾಕೋ ಹಕ್ಕು ನನಗಿದೆ ಅಂತ ಈಗ ಅನಿಸೋದಿಲ್ಲ.

ಈ ವರ್ಷದ ಶ್ರಾದ್ಧವೂ ಮೇ ತಿಂಗಳಲ್ಲೇ ಬಂತು. ಸಸಿಗಳನ್ನ ಹೊರಗಿನ ಗಾಳಿ ಬಿಸಿಲಿಗೆ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ಅಭ್ಯಾಸ ಮಾಡಿಸೋ ಕಾಲ ಅದು. ಅಡುಗೆ ಎಲ್ಲ ಮೆಣಸಿನ ಕಾಳಿನದೇ. ಮಕ್ಕಳು ಸಾರು ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡರು. ಮೆಣಸಿನ ಸಸಿಗಳ ಟ್ರೇ ಹಿಂದಿನ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಅವನ್ನ ಮಡಿಗೆ ನಾಟಿ ಮಾಡಿದೆ, ಒಟ್ಟು ಹನ್ನೊಂದು. ಹೆಂಡತಿ ಹೋದ ವರ್ಷದ ನಮ್ಮ ಹಿತ್ತಲ ಒಣಕಾಯಿಗೆ ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು ಹಾಕಿ ಕೆಂಪು ಖಾರ ಅರೆದಳು. ಬಿಸಿ ರೊಟ್ಟಿಯ ಮೇಲೆ ಹಚ್ಚಿ, ಎಣ್ಣೆ ಬಿಟ್ಟು, ಹಿತ್ತಲ ಮೆಟ್ಟಿಲ ಮೇಲೆ ಕೂತು ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಅಂತ ಇಟ್ಟುಕೊಳ್ಳಿ.

ನಿಮ್ಮ ಮನೆಗಳಲ್ಲಿ ಶ್ರಾದ್ಧದ ಪಟ್ಟಿ ಹೇಗಿದೆ? ಊರೂರಿಗೂ ಮನೆಮನೆಗೂ ಬೇರೆ ಇರುತ್ತೆ ಅಂತ ಕೇಳಿದ್ದೀನಿ. ಮನೆಯ ಹಿರಿಯರು ಇರೋವಾಗಲೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಯಾವುದು ಬೇಕು ಅನ್ನೋದರ ಜೊತೆಗೆ ಯಾವುದು ಬ್ಯಾಡ, ಯಾಕೆ ಬ್ಯಾಡ ಅನ್ನೋದನ್ನೂ.